ನೆಲಮಾಳಿಗೆಗೆ ಅಂಗೀಠಿ ಬೇಡ ಸ್ವಾಮಿ

ದಿಲ್ಲಿಯಲ್ಲಿರುವ ನಮ್ಮವರು ಕೆಲವರು ಶಿಮ್ಲಾ, ಕುಲು ಕಡೆ ಮನೆ ಬಾಡಿಗೆಗೆ ಹಿಡಿದು ಪ್ರವಾಸಿಗರಿಗೆ ಕೊಡೋದು ಶುರು ಮಾಡಿದ್ದಾರೆ. ಮಾಡಲಿ, ಸಂತೋಷ. ಆದರೆ ಮನೆಯ ಕೆಳಗಿನ ಕೋಣೆಯನ್ನು ಅವರು ಬಿಸಿ ಮಾಡೋ ರೀತಿ ನೋಡಿದರೆ ನನಗೆ ಸಿಟ್ಟು ಬರುತ್ತೆ.

ಬೆಟ್ಟದ ಇಳಿಜಾರಿನ ಮನೆ ಅಂದ್ರೆ ಕೆಳಗಿನ ಅಂತಸ್ತಿನ ಒಂದು ಗೋಡೆ ಮಣ್ಣಿಗೇ ಒರಗಿರುತ್ತೆ. ಸೌದೆ ಒಲೆ (ಅಲ್ಲಿಯವರು ಅದಕ್ಕೆ ತಂದೂರ್ ಅಂತಾರೆ, ರೊಟ್ಟಿಯ ತಂದೂರ್ ಅಲ್ಲ, ಕೊಳವೆ ಇರೋ ತಗಡಿನ ಒಲೆ) ಇರೋದು ಮೇಲೆ. "ಮೇಲೆ ಉರಿದರೆ ಕೆಳಗೂ ಬೆಚ್ಚಗಾಗುತ್ತೆ" ಅಂತಾರೆ. ಹೇಗೆ ಸ್ವಾಮಿ? ಬಿಸಿ ಗಾಳಿ ಮೇಲಕ್ಕೇ ಹೋಗೋದು. ಹಳಬರಿಗೆ ಇದು ಗೊತ್ತಿತ್ತು. ಕಲ್ಲು, ದೇವದಾರು ಮರ ಒಂದರ ಮೇಲೊಂದು ಪೇರಿಸಿ ಕಟ್ಟಿದ ಕಾಠ್‌ಕುಣಿ ಮನೆಗಳಲ್ಲಿ ಕೆಳಗೆ ದನ, ಮೇಲೆ ಜನ. ದನದ ಮೈ ಬಿಸಿ ಮೇಲಿನವರಿಗೆ. ಈಗ ದನ ಹೋಗಿ ಅದೇ ಜಾಗಕ್ಕೆ ಡಬಲ್ ಬೆಡ್ ಬಂದಿದೆ!

ಇನ್ನು ಕೆಲವರು ರಾತ್ರಿ ಇದ್ದಿಲಿನ ಅಂಗೀಠಿ ಇಟ್ಟು ಬಾಗಿಲು ಹಾಕ್ತಾರೆ. ಹೊಗೆ ಇಲ್ಲ ಅಂದ್ರೆ ಅಪಾಯ ಇಲ್ಲ ಅನ್ನೋ ಲೆಕ್ಕ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತೆ. ಮಲಗಿದವನಿಗೆ ಎಚ್ಚರವೇ ಆಗಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಪೇಪರಿನಲ್ಲಿ ಈ ಸುದ್ದಿ ಓದ್ತೀವಿ, ಮಡಚಿಡ್ತೀವಿ.

"ಹಾಗಾದ್ರೆ ಕೆಳಗೂ ಒಂದು ಒಲೆ ಇಟ್ಟು ಕೊಳವೆಯನ್ನು ಮೇಲಿನದಕ್ಕೇ ಸೇರಿಸಿಬಿಡ್ತೀನಿ" ಅಂತ ಒಬ್ಬ ಜಾಣರು. ನಮ್ಮೂರ ಬಚ್ಚಲೊಲೆ ಅಲ್ಲ ಇದು, ಹೆಂಚಿನ ಸಂದಿಯಲ್ಲಿ ಹೊಗೆ ಹೋಗೋಕೆ. ಚಳಿಗಾಲದಲ್ಲಿ ಮನೆಯ ಬಿಸಿ ಗಾಳಿ ಮೇಲಿನ ಸಂದಿಗಳಿಂದ ಹೊರಗೆ ಹೋದ ಹಾಗೆ ಕೆಳಗಿನ ಅಂತಸ್ತು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ. ಒಲೆ ಜೋರಾಗಿ ಉರಿಯೋವರೆಗೆ ಪರವಾಗಿಲ್ಲ. ಬೆಳಗಿನ ಜಾವ ಕೆಂಡ ಆರುತ್ತಾ ಬಂದು ಕೊಳವೆ ತಣ್ಣಗಾದಾಗ ಹೊಗೆಗಾಳಿ ತಿರುಗಿ ಕೋಣೆಗೇ ಇಳಿಯಬಹುದು. ಕೆಂಡ ಕಾರ್ಬನ್ ಮಾನಾಕ್ಸೈಡ್ ಉಗುಳೋದೂ ಆವಾಗಲೇ.

ಕೊಳವೆ ಇಲ್ಲದ ಗ್ಯಾಸ್ ಹೀಟರೋ? ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಾವಿ. ಮೊದಲೇ ಒದ್ದೆ ಗೋಡೆ, ಇನ್ನು ಬೂಷ್ಟು ಕೇಳಬೇಕೇ?

ಕರೆಂಟು ದುಬಾರಿ ಅನ್ನೋರಿಗೆ ಬ್ಯಾಂಕಿನವನ ಲೆಕ್ಕ ಕೇಳಿ. 2000 ವ್ಯಾಟ್ ರಾಡ್ ಹೀಟರ್ ದಿನಕ್ಕೆ 8 ಗಂಟೆ ಅಂದ್ರೆ 16 ಯೂನಿಟ್, ತಿಂಗಳಿಗೆ 480. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 3,360. ದುಬಾರಿ, ಒಪ್ಪಿದೆ. ಅದೇ ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿ ಬಿಸಿಯನ್ನು ಹುಟ್ಟಿಸಲ್ಲ, ಹೊರಗಿಂದ ಎಳೆದು ತರುತ್ತೆ. ಒಂದು ಯೂನಿಟ್ಟಿಗೆ ಎರಡು ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತೆ, ತೀರಾ ಕೊರೆಯೋ ಚಳಿಯಲ್ಲಿ ಕಡಿಮೆ. ಬಿಲ್ಲು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಅದಕ್ಕೂ ಮೊದಲು ಆ ಮಣ್ಣಿನ ಕಡೆಯ ಗೋಡೆಯ ತೇವ ನಿಲ್ಲಿಸಿ, ಒಳಗಡೆ ಫೋಮ್ ಹಲಗೆ, ಅದರ ಮೇಲೆ ಬೋರ್ಡು ಹೊಡೆಸಿ. ಗೋಡೆ ಹೀರೋ ಬಿಸಿಗೆ ದುಡ್ಡು ಕಟ್ಟೋದು ಓಟೆ ಬಿದ್ದ ಬಕೆಟಿಗೆ ನೀರು ತುಂಬಿದ ಹಾಗೆ.

ಹಿಮ ಬಿದ್ದಾಗ ಎರಡು ಮೂರು ದಿನ ಕರೆಂಟೇ ಇರಲ್ಲ ಅನ್ನೋದು ಮಾತ್ರ ನಿಜವಾದ ತಕರಾರು. ಆವಾಗ ಒಲೆಯೇ ಬೇಕು. ಇಡಿ, ಆದರೆ ಅದಕ್ಕೇ ಅಂತ ಬೇರೆ ಕೊಳವೆ ಮಾಡಿನ ತುದಿ ದಾಟುವಷ್ಟು ಎತ್ತರ ಹೋಗಲಿ, ಹೊರಗಿನ ಗಾಳಿ ಬರೋಕೆ ಒಂದು ತೂತಿರಲಿ, ಗೋಡೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ.

ಅಲಾರಂ ಅಂದ ತಕ್ಷಣ ಒಬ್ಬ ಪರಿಚಯದವರು "ಅಯ್ಯೋ, ಅದಕ್ಯಾಕೆ ಎರಡು ಮೂರು ಸಾವಿರ ದಂಡ" ಅಂದರು. ಆ ಕೋಣೆಗೆ ಡಿಸೆಂಬರಿನಲ್ಲಿ ಅವರು ತಗೊಳ್ಳೋದು ರಾತ್ರಿಗೆ ನಾಲ್ಕು ಸಾವಿರ.