ಪುಕ್ಕಟೆ ಆಟಕ್ಕೆ ಬೆಲೆ ತೆರುವವರು ಯಾರು?

ತಿಂಗಳ ಮೊದಲ ವಾರ ಬಂತೆಂದರೆ ಗಿರಣಿ ಲೈನಿನ ಮನೆ ಮನೆಗೂ ರಸೀತಿ ಪುಸ್ತಕ ಹಿಡಿದು ಬರುತ್ತಿದ್ದ ಕೇಬಲ್ ಹುಡುಗನನ್ನು ನಮ್ಮ ಓದುಗರು ಮರೆತಿರಲಾರರು. ಸಂಬಳ ಆಗಿಲ್ಲವೆಂದರೆ, "ಇರಲಿ ಬಿಡಕ್ಕಾ, ಹತ್ತನೇ ತಾರೀಖಿಗೆ ಬರ್ತೀನಿ" ಎಂದು ಮುಂದಿನ ಮನೆಗೆ ನಡೆಯುತ್ತಿದ್ದ. ಮಳೆಗಾಲದಲ್ಲಿ ತಂತಿ ಕಡಿದರೆ ಕಂಬ ಹತ್ತುತ್ತಿದ್ದವನೂ ಅವನೇ. ಈಗ ಅವನು ಬರುವ ಮನೆಗಳು ತಿಂಗಳು ತಿಂಗಳೂ ಕಡಿಮೆಯಾಗುತ್ತಿವೆ. ಮನೆಯವರೆಲ್ಲ ಒಂದು ಪೆಟ್ಟಿಗೆಯ ಮುಂದೆ ಕೂರುವುದು ತಪ್ಪಿದೆ. ತಂದೆಯ ಕೈಯಲ್ಲೊಂದು ಫೋನು, ಮಗನ ಕೈಯಲ್ಲೊಂದು ಫೋನು. ಕೇಳಿದರೆ, "ಕೇಬಲ್ ಯಾಕೆ ಸ್ವಾಮಿ, ಎಲ್ಲಾ ಮೊಬೈಲಿನಲ್ಲೇ ಬರುತ್ತದಲ್ಲ!" ಎನ್ನುತ್ತಾರೆ.

ಎಲ್ಲಾ ಬರುತ್ತದೆ, ನಿಜ. ಆದರೆ ಯಾರ ಕೈಯಿಂದ ಬರುತ್ತದೆ, ಯಾವ ಬೆಲೆಗೆ ಬರುತ್ತದೆ, ನಾಳೆಯೂ ಅದೇ ಬೆಲೆಗೆ ಬರುತ್ತದೆಯೇ ಎಂಬುದನ್ನು ಕೇಳಬೇಡವೇ?

ನಮಗೆ ಹೊಸ ಯಂತ್ರದ ಮೇಲೆ ಹಗೆಯಿಲ್ಲ. ಗಿರಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗದ ನೇಕಾರನ ಹೊಟ್ಟೆಗೆ ಹೊಡೆದದ್ದು ಯಂತ್ರವೆಂದು ಲೋಕವೆಲ್ಲ ಹೇಳಿತು. ಯಂತ್ರದ ಮುಂದೆ ಮೂರು ಪಾಳಿ ನಿಂತು ಕೆಲಸ ಮಾಡಿದ ಮೇಲೆ ನಮಗೆ ತಿಳಿದದ್ದು ಬೇರೆ. ಪ್ರಶ್ನೆ ಯಂತ್ರದ್ದಲ್ಲ, ಅದರ ಒಡೆತನದ್ದು.

ಹಾಗೆಂದು ಕೇಬಲ್ ಯುಗವನ್ನು ರಾಮರಾಜ್ಯವೆಂದು ಹೊಗಳುವುದೂ ಸಲ್ಲ. 1991ರ ಕೊಲ್ಲಿ ಯುದ್ಧದ ಕಾಲದಲ್ಲಿ ಈ ದೇಶದಲ್ಲಿ ಮಹಡಿಯ ಮೇಲೆ ಕೊಡೆ ಕಟ್ಟಿ ತಂತಿ ಎಳೆಯುವ ಕಸುಬು ಹಬ್ಬಿತು. 1992ರಲ್ಲಿ ಜೀ ಬಂತು, 1994ರಲ್ಲಿ ಕನ್ನಡಕ್ಕೆ ಉದಯ ಬಂತು. ಕೈಯಲ್ಲಿ ಅಷ್ಟಿಷ್ಟು ಹಣವಿದ್ದ ನಿರುದ್ಯೋಗಿ ತರುಣರು ಸಾಲ ಮಾಡಿ ಈ ಕಸುಬಿಗೆ ಇಳಿದರು. ಅವರಲ್ಲಿ ಬೀದಿಗಳನ್ನು ಪಾಲು ಹಾಕಿಕೊಂಡು, ಬೇರೆಯವನ ತಂತಿ ಕಡಿದು, ಮನಬಂದಂತೆ ದರ ಏರಿಸಿದವರೂ ಇದ್ದರು. ಕಂಬ ಹತ್ತುವ ಹುಡುಗನಿಗೆ ಭವಿಷ್ಯನಿಧಿಯೂ ಇಲ್ಲ, ಇ.ಎಸ್.ಐ. ಸವಲತ್ತೂ ಇಲ್ಲ ಎಂಬ ಸ್ಥಿತಿ ಎಷ್ಟೋ ಕಡೆ ಇತ್ತು. ಆದರೆ ಆ ಮಾಲೀಕ ನಮ್ಮ ಊರಿನವನು. ದರ ಹೆಚ್ಚಾಯಿತೆಂದು ಹತ್ತು ಹೆಂಗಸರು ಅವನ ಅಂಗಡಿಯ ಮುಂದೆ ನಿಂತರೆ ಅವನು ಉತ್ತರ ಕೊಡಲೇಬೇಕಾಗಿತ್ತು.

1995ರಲ್ಲಿ ಕೇಬಲ್ ಕಾಯಿದೆ ಬಂತು. 2012ರಿಂದ 2017ರವರೆಗೆ ಹಂತ ಹಂತವಾಗಿ ಡಿಜಿಟಲ್ ಪೆಟ್ಟಿಗೆ ಕಡ್ಡಾಯವಾಯಿತು. ಪೆಟ್ಟಿಗೆಯ ಕೀಲಿಕೈ ದೊಡ್ಡ ಕೇಬಲ್ ಕಂಪನಿಯ ಕೈಸೇರಿತು. ಊರಿನ ಕೇಬಲ್‌ನವನು ಹಣ ವಸೂಲಿಗಾರನಾದ. 2019ರ ಫೆಬ್ರವರಿಯಲ್ಲಿ ಜಾರಿಯಾದ ದರಪದ್ಧತಿಯಲ್ಲಿ ಮೊದಲ ನೂರು ವಾಹಿನಿಗಳ ಜಾಲ ಶುಲ್ಕಕ್ಕೆ 130 ರೂಪಾಯಿಯ ಮಿತಿ ಹಾಕಲಾಯಿತು. ತೆರಿಗೆ ಸೇರಿ ಅದು 153 ರೂಪಾಯಿ 40 ಪೈಸೆ. ಬೇರೆ ಒಪ್ಪಂದವಿಲ್ಲದಿದ್ದರೆ ಈ ಶುಲ್ಕದಲ್ಲಿ ದೊಡ್ಡ ಕಂಪನಿಗೆ 55 ಪಾಲು, ಕಂಬ ಹತ್ತುವವನಿಗೆ 45 ಪಾಲು! ಇದರ ಮೇಲೆ ಹಣದ ವಾಹಿನಿಗಳ ಬೆಲೆ ಬೇರೆ. ಗಿರಾಕಿಯ ಬಿಲ್ಲು ಏರಿತು, ಬೈಗುಳ ತಿಂದವನು ಮಾತ್ರ ಬಾಗಿಲಿಗೆ ಬಂದ ಹುಡುಗ. ಕೇಬಲ್ ಉದ್ಯಮದ ಒಕ್ಕೂಟವೇ 2025ರಲ್ಲಿ ಹೊರತಂದ ವರದಿಯ ಪ್ರಕಾರ, ಹಣ ಕೊಟ್ಟು ಟಿ.ವಿ. ನೋಡುವ ಮನೆಗಳು 2018ರಲ್ಲಿ 15.1 ಕೋಟಿ ಇದ್ದದ್ದು 2024ಕ್ಕೆ 11.1 ಕೋಟಿಗೆ ಇಳಿದಿವೆ. ಆರು ವರ್ಷಗಳಲ್ಲಿ ನಾಲ್ಕು ಕೋಟಿ ಮನೆ.

ಆ ಮನೆಗಳೆಲ್ಲ ಎಲ್ಲಿಗೆ ಹೋದವು? ಕೆಲವು ದೂರದರ್ಶನದ ಪುಕ್ಕಟೆ ಡಿಶ್ಶಿಗೆ ಹೋದವು. ಬಹಳಷ್ಟು ಮಂದಿ ಮೊಬೈಲಿಗೆ ಹೋದರು. ಅವರನ್ನು ಹೇಗೆ ಕರೆದೊಯ್ಯಲಾಯಿತೆಂಬ ಕತೆಯನ್ನು ಪ್ರತಿಯೊಬ್ಬ ಸಣ್ಣ ವ್ಯಾಪಾರಿಯೂ ಗಮನವಿಟ್ಟು ಓದಬೇಕು. ಏಕೆಂದರೆ ಇದೇ ಮಂತ್ರ ನಾಳೆ ಕಿರಾಣಿ ಅಂಗಡಿಯ ಬಾಗಿಲಿಗೂ ಬರುತ್ತದೆ, ಬಂದೂ ಆಗಿದೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ಇಂಟರ್ನೆಟ್ಟನ್ನು ಪುಕ್ಕಟೆಯಾಗಿ ಹಂಚಿತು. 2017ರ ಮಾರ್ಚಿನ ಕೊನೆಯವರೆಗೆ ಹಂಚಿತು. 2022ರಲ್ಲಿ ಅದೇ ರಿಲಯನ್ಸ್ ಬಳಗದ ವಯಾಕಾಂ18 ಸಂಸ್ಥೆ ಐಪಿಎಲ್ ಕ್ರಿಕೆಟ್ಟಿನ ಐದು ವರ್ಷಗಳ ಡಿಜಿಟಲ್ ಹಕ್ಕನ್ನು 23,758 ಕೋಟಿ ರೂಪಾಯಿಗೆ ಕೊಂಡಿತು. ಅಷ್ಟು ಹಣ ಸುರಿದು 2023ರಲ್ಲಿ ಆಟವನ್ನು ಜಿಯೋಸಿನಿಮಾದಲ್ಲಿ ಪುಕ್ಕಟೆಯಾಗಿ ತೋರಿಸಿತು! 2024ರಲ್ಲೂ ಪುಕ್ಕಟೆ. ಜನ ಜೈಕಾರ ಹಾಕಿದರು. ಕ್ರಿಕೆಟ್ಟಿಗೆಂದೇ ಕೇಬಲ್ ಇಟ್ಟುಕೊಂಡವರು, "ಇನ್ನೇಕೆ ಇದು?" ಎಂದು ತಂತಿ ಬಿಚ್ಚಿಸಿದರು.

ಆಮೇಲೆ ಏನಾಯಿತು? 2024ರ ಜುಲೈನಲ್ಲಿ ದಿನಕ್ಕೆ ಒಂದೂವರೆ ಜಿ.ಬಿ. ಕೊಡುವ 28 ದಿನಗಳ ರೀಚಾರ್ಜ್ 239ರಿಂದ 299 ರೂಪಾಯಿಗೆ ಏರಿತು. ಅದೇ ನವೆಂಬರಿನಲ್ಲಿ ಪ್ರತಿಸ್ಪರ್ಧಿಯಾಗಿದ್ದ ಡಿಸ್ನಿ ಸ್ಟಾರ್ ಈ ಬಳಗದೊಡನೆ ಒಂದಾಯಿತು. ಕೂಡಿದ ಸಂಸ್ಥೆಯ ಮೌಲ್ಯ 70,352 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಎರಡು ತಾಣಗಳೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಆ ವರ್ಷದ ಐಪಿಎಲ್ ಪುಕ್ಕಟೆಯಾಗಿ ಸಿಕ್ಕಿದ್ದು ರುಚಿ ನೋಡುವಷ್ಟು ಮಾತ್ರ. ಪೂರ್ತಿ ನೋಡಬೇಕೆಂದವರು ಚಂದಾ ಕಟ್ಟಬೇಕಾಯಿತು, ಇಲ್ಲವೇ 299 ಅಥವಾ ಅದಕ್ಕೆ ಮೇಲ್ಪಟ್ಟ ರೀಚಾರ್ಜ್ ಮಾಡಿಸಬೇಕಾಯಿತು. ಮೊದಲು ಗಾಳಕ್ಕೆ ಎರೆಹುಳು, ಆಮೇಲೆ ದಡಕ್ಕೆ ಎಳೆತ.

ಈ ಬಳಗದ ಹಿಡಿತ ಎಷ್ಟು ವಿಸ್ತಾರವಾದುದೆಂದು ನೋಡಿ. ನಿಮ್ಮ ಫೋನಿನ ಸಿಮ್ಮು ಅವರದು. ಅದರಲ್ಲಿ ನೋಡುವ ತಾಣ ಅವರದು. ರಾತ್ರಿ ಮನೆಯಾಕೆ ಧಾರಾವಾಹಿ ನೋಡುವ ಕಲರ್ಸ್ ಕನ್ನಡ ಅವರದು. ಅದು ಬೇಡವೆಂದು ಸ್ಟಾರ್ ಸುವರ್ಣಕ್ಕೆ ತಿರುಗಿಸಿದರೆ ಅದೂ ಈಗ ಅದೇ ಮನೆಯದು. ಡೆನ್ ಮತ್ತು ಹಾಥ್‌ವೇ ಎಂಬ ದೊಡ್ಡ ಕೇಬಲ್ ಕಂಪನಿಗಳ ಹಿಡಿತವನ್ನೂ 2018ರಲ್ಲಿ ಹೂಡಿದ ವ್ಯವಹಾರದಿಂದ ಅವರೇ ಪಡೆದಿದ್ದಾರೆ. ಕೇಬಲ್ ಉಳಿದರೂ ಅವರಿಗೆ, ಅಳಿದರೂ ಅವರಿಗೆ! ಇದಕ್ಕೆ ಸ್ಪರ್ಧೆಯೆಂದು ಹೆಸರಿಡುವ ಪಂಡಿತರಿಗೆ ನಮ್ಮ ನಮಸ್ಕಾರ.

ಲೆಕ್ಕವನ್ನೂ ನೋಡೋಣ. ಕೇಬಲ್ಲಿಗೆ ತಿಂಗಳಿಗೆ 300 ರೂಪಾಯಿಯೆಂದರೂ ವರ್ಷಕ್ಕೆ 3,600. ಅದನ್ನು ಮನೆಮಂದಿಯೆಲ್ಲ ನೋಡುತ್ತಿದ್ದರು. ಈ ರೀಚಾರ್ಜಿನ ತಿಂಗಳಿಗೆ 28 ದಿನ. ಆದ್ದರಿಂದ ವರ್ಷಕ್ಕೆ 13 ತಿಂಗಳು. ನಮ್ಮ ಗಿರಣಿಯವರು ವರ್ಷಕ್ಕೆ 13 ಸಂಬಳ ಕೊಡುತ್ತಾರೆಯೇ? 299ರಂತೆ ಒಂದು ಫೋನಿಗೆ 3,887 ರೂಪಾಯಿ, ಮೂರು ಫೋನಿರುವ ಮನೆಗೆ 11,661. ಮಾತಾಡಲು ಹೇಗೂ ಫೋನು ಬೇಕಲ್ಲ ಎನ್ನಬಹುದು. ಹೌದು, ಬೇಕು. ಆದರೆ ಮಾತಿಗೆ ಇಷ್ಟು ದೊಡ್ಡ ರೀಚಾರ್ಜ್ ಬೇಕಿಲ್ಲ, ಚಿತ್ರಕ್ಕೆ ಬೇಕು. ಸಾಧಾರಣ ಸ್ಪಷ್ಟತೆಯ ಚಿತ್ರವೇ ಗಂಟೆಗೆ ಸುಮಾರು ಒಂದು ಜಿ.ಬಿ. ನುಂಗುತ್ತದೆ. ಮೂರೂವರೆ ಗಂಟೆಯ ಪಂದ್ಯ ಮುಗಿಯುವ ಮೊದಲೇ ದಿನದ ಪಡಿ ಮುಗಿಯುತ್ತದೆ. ಈ ಫೋನಿನ ಕಂಪನಿಗೆ ಹತ್ತನೇ ತಾರೀಖು ಗೊತ್ತಿಲ್ಲ. ಅವಧಿ ತೀರಿದ ಕೂಡಲೇ ಪರದೆ ಕಪ್ಪಾಗುತ್ತದೆ. ಜಗಳವಾಡೋಣವೆಂದರೆ ಬಾಗಿಲಿಗೆ ಬರುವವರು ಯಾರೂ ಇಲ್ಲ.

ಇದರಲ್ಲಿ ಅಂಗಡಿಯವರ ನಷ್ಟವೂ ಉಂಟು. ಊರ ಕೇಬಲ್ಲಿನಲ್ಲಿ ಸ್ಥಳೀಯ ವಾಹಿನಿಯೊಂದು ಇರುತ್ತಿತ್ತು. ಜಾತ್ರೆಯ ತೇರು, ಶಾಲೆಯ ವಾರ್ಷಿಕೋತ್ಸವ, ನೀರು ಬಿಡುವ ದಿನದ ಪ್ರಕಟಣೆ, ಕಾಣೆಯಾದ ಹಸುವಿನ ಸುದ್ದಿ, ಎಲ್ಲವೂ ಅಲ್ಲಿ ಬರುತ್ತಿದ್ದವು. ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಸೀರೆ ಅಂಗಡಿಯವರು, ಪಾತ್ರೆ ಅಂಗಡಿಯವರು ಅಲ್ಪ ಹಣಕ್ಕೆ ಜಾಹೀರಾತು ಹಾಕುತ್ತಿದ್ದರು. ಆ ಹಣ ಊರಲ್ಲೇ ತಿರುಗುತ್ತಿತ್ತು. ಈಗ ಅದೇ ಅಂಗಡಿಯವನು ತನ್ನ ಊರಿನ ಗಿರಾಕಿಯನ್ನು ಕರೆಯಲು ದೂರದ ಕಂಪನಿಗೆ ಕಪ್ಪ ಕಟ್ಟಬೇಕು. ಆ ಕಂಪನಿಗೆ ನಿಮ್ಮ ಗಿರಾಕಿ ಎಷ್ಟು ಗಂಟೆಗೆ ಏನು ನೋಡಿದನೆಂಬುದೂ ಗೊತ್ತು. ನಿಮಗೆ ಗೊತ್ತಿಲ್ಲ.

ಕನ್ನಡದ ಗತಿ ಏನು? 2020ರ ಜುಲೈನಲ್ಲಿ 'ಲಾ' ಎಂಬ ಕನ್ನಡ ಚಿತ್ರ ನೇರವಾಗಿ ಅಮೆಜಾನ್ ಪ್ರೈಮಿನಲ್ಲಿ ಬಂದಾಗ ಹೊಸ ಬಾಗಿಲು ತೆರೆಯಿತೆಂದು ಹರ್ಷಪಟ್ಟೆವು. 2024ರ ಜುಲೈ ಹೊತ್ತಿಗೆ ತುಳುನಾಡಿನ ಕತೆಗಳ 'ಏಕಂ' ಮಾಲಿಕೆಯವರು ಕೊಳ್ಳುವ ತಾಣ ಸಿಗದೆ ತಮ್ಮದೇ ತಾಣ ಕಟ್ಟಿ ತೋರಿಸಬೇಕಾಯಿತು. ದೊಡ್ಡವರ ತಕ್ಕಡಿಯಲ್ಲಿ ಸಣ್ಣ ಮಾರುಕಟ್ಟೆಯ ನುಡಿ ಹಗುರ. 2025ರ ಆಯವ್ಯಯದಲ್ಲಿ ರಾಜ್ಯ ಸರಕಾರ ಕನ್ನಡ ಚಿತ್ರಗಳಿಗೆ ಸ್ವಂತ ತಾಣ ಮಾಡುವುದಾಗಿ ಸಾರಿತು. ಘೋಷಣೆಯಿಂದ ಪರದೆ ಬೆಳಗುವುದಿಲ್ಲ. ಹಣ, ಹೊಣೆಗಾರಿಕೆ, ಅವಧಿ ಮೂರೂ ಬೇಕು.

ಇದು ಕಾಲದ ಓಟ, ತಡೆಯಲಾಗದು ಎನ್ನುವವರಿಗೆ ನೆರೆರಾಜ್ಯಗಳನ್ನು ತೋರಿಸುತ್ತೇವೆ. ಕೇರಳದ ಸಣ್ಣ ಕೇಬಲ್‌ನವರು ಒಬ್ಬೊಬ್ಬರೇ ಸಾಯುವ ಬದಲು ಒಟ್ಟುಗೂಡಿ 'ಕೇರಳ ವಿಷನ್' ಕಟ್ಟಿದರು. ಅದೇ ಬೀದಿ, ಅದೇ ಕಂಬ, ಅದೇ ಹುಡುಗರು; ತಂತಿ ಮಾತ್ರ ಹೊಸದು. ಇಂದು ಅವರು ಕೇಬಲ್ಲಿನೊಡನೆ ಇಂಟರ್ನೆಟ್ಟನ್ನೂ ಕೊಡುತ್ತಾರೆ. ಅಲ್ಲಿಯ ಸರಕಾರ 2023ರಲ್ಲಿ 'ಕೆ-ಫೋನ್' ಎಂಬ ಸಾರ್ವಜನಿಕ ಜಾಲ ತೆರೆದು ಬಡ ಕುಟುಂಬಗಳಿಗೆ ಪುಕ್ಕಟೆ ಸಂಪರ್ಕ ಕೊಡಲು ಹೊರಟಿತು. ತಮಿಳುನಾಡು ಸರಕಾರ ತನ್ನ 'ಅರಸು ಕೇಬಲ್' ಮೂಲಕ 2011ರಲ್ಲಿ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಟ್ಟಿತು. ಅವುಗಳಲ್ಲೂ ಕುಂದುಕೊರತೆ ಇದ್ದೇ ಇವೆ. ಆದರೆ ದಾರಿ ಒಂದೇ ಅಲ್ಲವೆಂಬುದಕ್ಕೆ ಅವು ಸಾಕ್ಷಿ.

ಆದ್ದರಿಂದ ನಾವು ಕೇಳುವುದು ಇಷ್ಟು. ಊರಿನ ಕೇಬಲ್‌ನವರು ಸಂಘ ಕಟ್ಟಿ ಇಂಟರ್ನೆಟ್ ಎಳೆಯಲು ಮುಂದಾದರೆ ಅವರಿಗೆ ಕಂಬದ ಬಾಡಿಗೆಯಲ್ಲಿ ರಿಯಾಯಿತಿಯೂ ಸಹಕಾರಿ ಬ್ಯಾಂಕಿನ ಸಾಲವೂ ಸಿಗಬೇಕು. ಅಲ್ಲಿ ದುಡಿಯುವ ಹುಡುಗರಿಗೆ ಭವಿಷ್ಯನಿಧಿ, ವಿಮೆ ಸಿಗಬೇಕು. ಸಾಲ ಕೊಡುವಾಗಲೇ ಈ ಕರಾರು ಹಾಕಬೇಕು. ರೀಚಾರ್ಜಿನ ತಿಂಗಳು ಪಂಚಾಂಗದ ತಿಂಗಳಾಗಬೇಕು. ರಾಷ್ಟ್ರೀಯ ಮಹತ್ವದ ಆಟಗಳ ಪ್ರಸಾರವನ್ನು ದೂರದರ್ಶನದೊಡನೆ ಹಂಚಿಕೊಳ್ಳಬೇಕೆಂದು 2007ರ ಕಾಯಿದೆ ಹೇಳುತ್ತದೆ. ಜನರೆಲ್ಲ ನೋಡುವ ಆಟ ಯಾವುದೆಂದು ನಿರ್ಧರಿಸುವಾಗ ಜನರನ್ನೂ ಕೇಳಬೇಕು. ಸಿಮ್ಮು, ತಾಣ, ವಾಹಿನಿ, ಕೇಬಲ್ ನಾಲ್ಕೂ ಒಂದೇ ಮನೆಯ ಪಾಲಾಗದಂತೆ ಕಾನೂನು ಬರಬೇಕು. ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ. ಸ್ವತ್ತು ನಮ್ಮದಾದ ಮೇಲೆ ಲೆಕ್ಕ ಕೇಳುವ ಹಕ್ಕೂ ನಮ್ಮದೇ.

ಓದುಗರಲ್ಲಿ ಒಂದು ವಿನಂತಿ. ಈ ತಿಂಗಳು ಕೇಬಲ್ ಹುಡುಗ ಬಾಗಿಲಿಗೆ ಬಂದರೆ ಬೇಡವೆಂದು ಕಳಿಸುವ ಮೊದಲು ಅವನನ್ನು ಎರಡು ನಿಮಿಷ ನಿಲ್ಲಿಸಿ ಮಾತಾಡಿಸಿರಿ. ಅವನಿಗೆ ಎಷ್ಟು ಉಳಿಯುತ್ತದೆ, ನಿಮ್ಮ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ಇಬ್ಬರ ಜೇಬಿಗೂ ಕೈ ಹಾಕಿದವನು ಒಬ್ಬನೇ ಎಂಬುದು ಆಗ ಇಬ್ಬರಿಗೂ ತಿಳಿದೀತು.