ತುರ್ತು ಘಟಕದ ಹೊರಗೆ ಕಾಯುವವರಿಗೂ ಉತ್ತರ ಬೇಕು

ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಬ್ಬರು ಬರುತ್ತಾರೆ ಎಂದುಕೊಳ್ಳಿ. ಒಬ್ಬ ಬೈಕಿನಿಂದ ಬಿದ್ದ ಹುಡುಗ. ಹಣೆ ಸೀಳಿದೆ, ಅಂಗಿಯೆಲ್ಲ ರಕ್ತ, ಜತೆಗೆ ಗೆಳೆಯರ ದಂಡು. ಇನ್ನೊಬ್ಬರು ಐವತ್ತು ದಾಟಿದ ರೈತ, ಹೆಂಡತಿಯ ಹೆಗಲು ಹಿಡಿದು ನಡೆದೇ ಬಂದಿದ್ದಾರೆ. ‘ಗ್ಯಾಸ್ ಇರಬೇಕು, ಎದೆ ಉರೀತಿದೆ’ ಎನ್ನುತ್ತಾರೆ. ಮೈ ಬೆವತು ತಣ್ಣಗಾಗಿದೆ. ಸಿಸ್ಟರ್ ಹುಡುಗನ ಹಣೆಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ ‘ಇಲ್ಲೇ ಕೂತಿರಿ’ ಎಂದವರೇ ರೈತರನ್ನು ಒಳಗೆ ಕರೆದೊಯ್ಯುತ್ತಾರೆ. ಗೆಳೆಯರ ದನಿ ಏರುತ್ತದೆ: ‘ನಾವು ಮೊದಲು ಬಂದಿದ್ದು. ಇಲ್ಲಿ ರಕ್ತ ಸುರೀತಿದ್ರೂ ಕೇಳೋರಿಲ್ಲ!’

ಸಿಸ್ಟರ್ ಮಾಡಿದ್ದು ನೂರಕ್ಕೆ ನೂರು ಸರಿ. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ವೈದ್ಯಕೀಯ ನಿಯಮ. ಹಣೆಯ ಗಾಯಕ್ಕೆ ಸ್ವಲ್ಪ ತಡವಾಗಿ ಹೊಲಿಗೆ ಹಾಕಿದರೂ ಜೀವಕ್ಕೆ ಅಪಾಯವಿಲ್ಲ. ಆದರೆ ಈ ಮಾತನ್ನು ಹೊರಗೆ ನಿಂತವರಿಗೆ ಯಾರೂ ಹೇಳಲಿಲ್ಲ. ನಮ್ಮ ತುರ್ತು ಘಟಕಗಳಲ್ಲಿ ವೈದ್ಯರು, ಹಾಸಿಗೆ, ವೆಂಟಿಲೇಟರ್ ಸಾಲದು ಎಂಬುದು ನಿಜ. ಅದನ್ನು ಸರಿಪಡಿಸಲು ಹಣವೂ ವರ್ಷಗಳೂ ಬೇಕು. ಕಾಯುವವರಿಗೆ ಕಾರಣ ತಿಳಿಸುವುದಕ್ಕೆ ಅಷ್ಟೆಲ್ಲ ಬೇಕಿಲ್ಲ. ಆದರೂ ಅದು ನಡೆಯುತ್ತಿಲ್ಲ.

ತುರ್ತು ಘಟಕದ ಸರದಿ ಬ್ಯಾಂಕಿನ ಟೋಕನ್‌ನಂತೆ ಬಂದ ಕ್ರಮದಲ್ಲಿ ಸಾಗುವುದಿಲ್ಲ. ನಾಡಿ, ರಕ್ತದೊತ್ತಡ, ಉಸಿರಾಟ, ರಕ್ತದ ಆಮ್ಲಜನಕ, ಪ್ರಜ್ಞೆ ಇವನ್ನು ನೋಡಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಇದೇ ಟ್ರಯಾಜ್. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ ಗಾಯಾಳುವಿನ ಹುದ್ದೆ ನೋಡದೆ, ಗಾಯದ ತೀವ್ರತೆ ನೋಡಿ ಚಿಕಿತ್ಸೆ ಕೊಡಬೇಕು ಎಂದು ನಡೆದುಕೊಂಡಿದ್ದು ಇದರ ಬೇರು. ಹುದ್ದೆ ನೋಡದೆ ಎಂಬ ಆ ಮಾತು ನಮ್ಮಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ. ‘ಸಾಹೇಬರ ಕಡೆಯವರು’ ಎಂಬ ಒಂದು ಫೋನ್ ಕರೆಗೆ ಬಾಗಿಲು ತೆರೆಯುವುದನ್ನು ಜನ ಕಂಡಿದ್ದಾರೆ. ಹಾಗಾಗಿ ನ್ಯಾಯವಾಗಿಯೇ ಒಬ್ಬರನ್ನು ಮೊದಲು ಕರೆದಾಗಲೂ ಶಿಫಾರಸಿನ ವಾಸನೆ ಬಡಿಯುತ್ತದೆ. ಈ ಅನುಮಾನಕ್ಕೆ ಜನರನ್ನು ದೂರಿ ಪ್ರಯೋಜನವಿಲ್ಲ.

ಕಾಯಿಸುವುದೇ ಚಿಕಿತ್ಸೆಯ ಭಾಗವಾಗಿರುವ ಸಂದರ್ಭಗಳೂ ಇವೆ. ಹಾವು ಕಚ್ಚಿದವರನ್ನೇ ನೋಡಿ. ಎರಡು ಮಿಲಿಲೀಟರ್‌ನಷ್ಟು ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಕೊಳವೆ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನಂಥದರ ವಿಷ ಏರಿದೆ ಎಂದರ್ಥ, ಪ್ರತಿವಿಷ ಶುರುವಾಗುತ್ತದೆ. ಹೆಪ್ಪುಗಟ್ಟಿದರೂ ಮನೆಗೆ ಕಳಿಸುವಂತಿಲ್ಲ. ಇದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತ, ರೆಪ್ಪೆ ಜೋಲುತ್ತಿದೆಯೇ, ಉಸಿರು ಕುಗ್ಗುತ್ತಿದೆಯೇ ಎಂದು ಗಮನಿಸುತ್ತ 24 ಗಂಟೆ ನಿಗಾದಲ್ಲಿ ಇಡಬೇಕು. ಮನೆಯವರ ಕಣ್ಣಿಗೆ ಮಾತ್ರ ‘ಏನೂ ಮಾಡ್ತಿಲ್ಲ, ಸುಮ್ಮನೆ ಮಲಗಿಸಿದಾರೆ’. ಆ ಗಳಿಗೆಯಲ್ಲಿ ಯಾರೋ ನಾಟಿ ಮದ್ದಿನ ವಿಳಾಸ ಕೊಟ್ಟರೆ ರೋಗಿಯನ್ನು ಎಬ್ಬಿಸಿಕೊಂಡು ಹೊರಟುಬಿಡುತ್ತಾರೆ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿತು. ಒಳ್ಳೆಯದೇ. ಆದರೆ ಆ ಕೊಳವೆ ಏಕೆ ಅಲ್ಲಿ ನಿಂತಿದೆ ಎಂದು ರೋಗಿಯ ಮಗನಿಗೆ ಎರಡು ಮಾತು ಹೇಳುವುದು ಅಷ್ಟೇ ಮುಖ್ಯ.

‘ರೆಫರ್’ ಎಂಬ ಪದವೂ ಹೀಗೆಯೇ ಸಿಟ್ಟು ತರಿಸುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡಿದೆ. ಅಲ್ಲಿ ರೆಫರ್ ಎಂದರೆ ಕೈತೊಳೆದುಕೊಳ್ಳುವುದಲ್ಲ, ಚಿಕಿತ್ಸೆಯ ಮುಂದಿನ ಹಂತ. ಏನೂ ಮಾಡದೆ ‘ಬೆಡ್ ಇಲ್ಲ, ಬೇರೆ ಕಡೆ ಹೋಗಿ’ ಎಂದು ಚೀಟಿ ಬರೆಯುವುದು ಬೇರೆಯೇ. ಅದಕ್ಕೆ ಕ್ಷಮೆಯಿಲ್ಲ. ಗಾಯಾಳುವಿನ ಜೀವ ಉಳಿಸುವುದು ಮೊದಲು, ಪೊಲೀಸ್ ಪ್ರಕ್ರಿಯೆ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ, ಪರಮಾನಂದ ಕಟಾರ ಪ್ರಕರಣದಲ್ಲಿ, ಸರ್ಕಾರಿ ಮತ್ತು ಖಾಸಗಿ ವೈದ್ಯರಿಬ್ಬರಿಗೂ ಅನ್ವಯಿಸುವಂತೆ ಹೇಳಿದೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಎಂದಾಕ್ಷಣ ಚಿಕಿತ್ಸೆ ನಿಲ್ಲಿಸುವಂತಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ₹1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ. ಈ ಸಂಗತಿಗಳು ಕ್ಯಾಶುವಾಲ್ಟಿಯ ಗೋಡೆಯ ಮೇಲೆ ದೊಡ್ಡಕ್ಷರದ ಕನ್ನಡದಲ್ಲಿ ಇರಬೇಕಿತ್ತು.

ರೋಗಿಯ ಕಡೆಯವರ ಪಾಲೂ ಇದೆ. ಒಳಗೆ ಒಬ್ಬರೇ ಇರಿ, ಅದೂ ರೋಗಿಯ ಸ್ಥಿತಿಯನ್ನು ಪೂರ್ತಿ ಬಲ್ಲವರು. ನುಂಗುತ್ತಿದ್ದ ಮಾತ್ರೆಯ ಪಟ್ಟಿ, ಹಳೆಯ ಚೀಟಿ, ವಿಷ ಕುಡಿದಿದ್ದರೆ ಅದರ ಬಾಟಲಿ ತನ್ನಿ. ಕೇಳದೆ ನೀರು, ಕಾಫಿ ಕುಡಿಸಬೇಡಿ. ಶಸ್ತ್ರಚಿಕಿತ್ಸೆ ಬೇಕಾದರೆ ಅದು ಅಪಾಯ. ಕಾಯುತ್ತಿರುವವರು ವಾಂತಿ ಮಾಡಿದರೆ, ಮಂಕಾದರೆ, ಉಸಿರು ಕಟ್ಟಿದರೆ ತಕ್ಷಣ ಕೂಗಿ ಹೇಳಿ. ಹಸಿರು ಎಂದು ಕೂರಿಸಿದವರು ಅರ್ಧ ಗಂಟೆಯಲ್ಲಿ ಕೆಂಪಾಗಬಹುದು.

ವೈದ್ಯರು, ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾನೂನಿದೆ. ಹಲ್ಲೆ ನಿಂತಿಲ್ಲ. ಹೊಡೆದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಲವು ಜಗಳಗಳಿಗೆ ಕಿಡಿ ಹೊತ್ತುವುದು ‘ಒಳಗೆ ಏನಾಗ್ತಿದೆ’ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಕಳೆದ ಗಂಟೆಗಳಲ್ಲಿ. ಮೂರು ಹಾಸಿಗೆಗಳ ನಡುವೆ ಓಡುತ್ತಿರುವ ಡ್ಯೂಟಿ ಡಾಕ್ಟರ್‌ರಿಂದ ಆ ಉತ್ತರ ನಿರೀಕ್ಷಿಸುವುದು ತಪ್ಪು. ಪ್ರತಿ ಪಾಳಿಗೆ ಒಬ್ಬರನ್ನು ಇದಕ್ಕೆಂದೇ ನೇಮಿಸಬೇಕು. ಗಂಟೆಗೊಮ್ಮೆ ಹೊರಬಂದು, ಹೆಸರು ಕರೆದು, ಯಾವ ಪರೀಕ್ಷೆ ಆಗಿದೆ, ಯಾವುದರ ವರದಿ ಬರಬೇಕು, ಇನ್ನೂ ಏಕೆ ಕಾಯಬೇಕು ಎಂದು ಹೇಳುವುದಷ್ಟೇ ಅವರ ಕೆಲಸ. ಆರೋಗ್ಯ ಇಲಾಖೆ ಮೊದಲು ಜಿಲ್ಲಾ ಆಸ್ಪತ್ರೆಗಳಲ್ಲಿ, ಅದರಲ್ಲೂ ರಾತ್ರಿ ಪಾಳಿಯಲ್ಲಿ, ಇದನ್ನು ಜಾರಿಗೆ ತರಲಿ.