ಸೀನುವ ಮಗುವಿಗೆ ಮೊಸರೇ ಶತ್ರುವಲ್ಲ

ಮಳೆಗಾಲ ಬಂತೆಂದರೆ ನಮ್ಮ ಕೊಟ್ಟೂರಿನ ಓಣಿಗಳಲ್ಲಿ ಬೆಳಗಾಗುತ್ತಲೇ ಹುಡುಗರ ಸೀನು ಶುರು. ಒಂದಲ್ಲ ಎರಡಲ್ಲ, ಸಾಲಾಗಿ ಎಂಟು ಹತ್ತು. ಮೂಗಿನಲ್ಲಿ ನೀರು, ಕಣ್ಣಲ್ಲಿ ತುರಿಕೆ. ಜ್ವರ ಮಾತ್ರ ಇಲ್ಲ. “ಥಂಡಿ ಹತ್ತೇತಿ, ಮೊಸರು ಬಿಡಿಸ್ರಿ, ಬಾಳೆಹಣ್ಣು ಕೊಡಬ್ಯಾಡ್ರಿ” ಎಂದು ಹಿರಿಯರ ಅಪ್ಪಣೆಯಾಗುತ್ತದೆ. ಪಾಪ, ಮಗು ಬಡವಾಗುತ್ತದೆಯೇ ಹೊರತು ಸೀನು ನಿಲ್ಲುವುದಿಲ್ಲ.

ಜ್ವರವಿಲ್ಲದೆ ವಾರಗಟ್ಟಲೆ ನಡೆಯುವ ಸೀನು ಅಲರ್ಜಿ ಇರಬಹುದು, ಸೋದರಿಯರೆ. ಮೈಯ ಕಾವಲುಗಾರ ಮನೆಗೆ ಬಂದ ನೆಂಟನನ್ನೇ ಕಳ್ಳನೆಂದು ಬಗೆದು ಬಡಿಗೆ ಎತ್ತಿದ ಹಾಗೆ ಇದು.

ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಕಾಂಗ್ರೆಸ್ ಗಿಡವನ್ನು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಈಗ ಬಯಲು, ತಿಪ್ಪೆ, ಶಾಲೆಯಂಗಳ ಎಲ್ಲೆಂದರಲ್ಲಿ ಐತಿ. ಅದನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ದುಂಬಿಯನ್ನು ಬಿಟ್ಟರು. ದುಂಬಿ ತಿನ್ನುತ್ತದೆ, ಗಿಡ ಮತ್ತೆ ಹುಟ್ಟುತ್ತದೆ! ಇದರ ಪರಾಗದಿಂದ ಸೀನು, ದಮ್ಮು; ಸೊಪ್ಪು ಮುಟ್ಟಿದರೆ ಕೆಲವರಿಗೆ ಚರ್ಮದ ಕಜ್ಜಿ. ಹೂ ಬಿಡುವ ಮುಂಚೆ, ಕೈಚೀಲ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಬೇರುಸಹಿತ ಕೀಳಬೇಕು. ಅಲರ್ಜಿ ಇರುವ ಮಗುವನ್ನು ಈ ಕೆಲಸಕ್ಕೆ ಹಚ್ಚಬೇಡಿ, ಶ್ರಮದಾನವಾದರೂ ಸರಿ.

ಮನೆಯೊಳಗೆ ಕೌದಿ, ದಿಂಬುಗಳ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಕಸ ಗುಡಿಸುವಾಗ, ಮೆಣಸಿನಕಾಯಿ ಹುರಿಯುವಾಗ ಮಗು ಹೊರಗಿರಲಿ. ಸೊಳ್ಳೆ ಬತ್ತಿಗಿಂತ ಸೊಳ್ಳೆ ಪರದೆ ಲೇಸು.

ಇನ್ನು ಊಟದ ಮಾತು. ಯಾವ ದಿನ ಏನು ತಿಂದಾಗ, ಎಷ್ಟು ಹೊತ್ತಿಗೆ ಏನಾಯಿತೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ; ಅಂದಾಜಿನ ಮೇಲೆ ಹಾಲು, ಮೊಟ್ಟೆ ಬಿಡಿಸಬೇಡಿ. ಶೇಂಗಾ ವಿಷಯದಲ್ಲಂತೂ ತಿಳಿವಳಿಕೆಯೇ ತಿರುಗಿದೆ. ಕೂಸಿಗೆ ಮೇಲೂಟ ಶುರುವಾದ ಮೇಲೆ ಶೇಂಗಾವನ್ನು ನುಣ್ಣಗೆ ಅರೆದು ತಿನ್ನಿಸುತ್ತಾ ಬಂದರೆ ಅದರ ಅಲರ್ಜಿ ಕಮ್ಮಿಯಾಗುತ್ತದೆಂದು 2015ರಲ್ಲಿ ಇಂಗ್ಲೆಂಡಿನ ವೈದ್ಯರು ತೋರಿಸಿದರು. ಆದರೆ ಮೈಮೇಲೆ ಜೋರಾದ ಕಜ್ಜಿ ಇರುವ ಅಥವಾ ಮೊಟ್ಟೆ ಆಗದ ಕೂಸಿಗೆ ಡಾಕ್ಟರನ್ನು ಕೇಳಿಯೇ ಕೊಡಿ. ಇಡೀ ಕಾಳು ಮಾತ್ರ ಚಿಕ್ಕ ಮಕ್ಕಳ ಕೈಗೆ ಬೇಡ, ಗಂಟಲಿಗೆ ಸಿಕ್ಕೀತು.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಪರೀಕ್ಷಿಸಿದ ಮಕ್ಕಳಲ್ಲಿ ದಮ್ಮಿನವರು 1979ರಲ್ಲಿ ನೂರಕ್ಕೆ 9 ಇದ್ದರೆ 1999ರಲ್ಲಿ 29.5 ಆಗಿದ್ದರು. ಆದರೂ ಇನ್‌ಹೇಲರ್ ಎಂದರೆ ನಮ್ಮ ಹೆಂಗಸರಿಗೆ ಅಂಜಿಕೆ. “ಚಟ ಹತ್ತುತ್ತದೆ”, “ಹೆಣ್ಣುಕೂಸು, ಮದುವೆಗೆ ತೊಡಕಾದೀತು” ಎಂದು ಬಚ್ಚಿಡುವವರಿದ್ದಾರೆ. ಚಟ ಹತ್ತುವುದಿಲ್ಲರೀ. ಮದ್ದು ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಗುಳಿಗೆಗಿಂತ ಕಮ್ಮಿ ಪ್ರಮಾಣ ಸಾಕು. ಚಿಕ್ಕವರಿಗೆ ಸ್ಪೇಸರ್ ಕೊಳವೆ ಜೋಡಿಸಿ ಕೊಡಿ. ದಿನವೂ ಎಳೆಯುವ ಮದ್ದಾದರೆ ಆಮೇಲೆ ಬಾಯಿ ಮುಕ್ಕಳಿಸಲಿ. ಆರಾಮಾಯಿತೆಂದು ನೀವೇ ನಿಲ್ಲಿಸಬೇಡಿ.

ತಿಂದೊಡನೆ ಅಥವಾ ಜೇನು ಕಚ್ಚಿದೊಡನೆ ತುಟಿ, ನಾಲಗೆ ಬಾತರೆ, ಧ್ವನಿ ಒಡೆದರೆ, ಉಸಿರು ಕಟ್ಟಿದರೆ, ಮಗು ಮಂಕಾದರೆ ಮನೆಮದ್ದಿಗೆ ಕೂಡಬೇಡಿ. ಕೂಡಲೇ 108ಕ್ಕೆ ಫೋನು ಮಾಡಿ. ಆಗ ಬೇಕಾದದ್ದು ಅಡ್ರಿನಲಿನ್ ಸೂಜಿಮದ್ದು. ಮಗುವನ್ನು ಎಬ್ಬಿಸಿ ನಡೆಸದೆ ಮಲಗಿಸಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿಕೊಳ್ಳಿ.